ಸಿಹಿಮೂತ್ರ ರೋಗವೂ ದುಡಿಯುವ ಜನವೂ

(ಗಿರಣಿ ಕಾಮಗಾರರೂ ಸಣ್ಣ ಅಂಗಡಿಕಾರರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತುಟ್ಟಿಭತ್ಯೆಗಳ ಮಾತಾಡಲು ನಾವು ಎಷ್ಟೋ ಸಾರಿ ಹೀಗೆ ಸೇರಿದ್ದೇವೆ. ಇಂದಿನ ವಿಷಯ ಸಿಹಿಮೂತ್ರ ರೋಗ ಎಂದು ತಿಳಿದಾಗ ಕೆಲವರು ನಕ್ಕರು. "ಅದು ಸಾಹುಕಾರರ ರೋಗ, ತುಪ್ಪ ಹೋಳಿಗೆ ತಿಂದು ಗಾದಿಯ ಮೇಲೆ ಕೂತವರಿಗೆ ಬರತಕ್ಕದ್ದು. ಅದನ್ನು ಕಟ್ಟಿಕೊಂಡು ನಮಗೇನಾಗಬೇಕು?" ಎಂದರು. ಈ ನಂಬಿಕೆ ಒಂದು ಕಾಲಕ್ಕೆ ನಿಜವಾಗಿದ್ದಿರಬಹುದು. ಈಗ ನಿಜವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ದೊಡ್ಡ ಸಮೀಕ್ಷೆಯ ಒಂದು ಭಾಗ 2017ರಲ್ಲಿ ಪ್ರಕಟವಾಯಿತು. ಚಂಡೀಗಢ, ಮಹಾರಾಷ್ಟ್ರ, ತಮಿಳುನಾಡುಗಳ ಪಟ್ಟಣಗಳಲ್ಲಿ ಈ ರೋಗ ಸ್ಥಿತಿವಂತರಿಗಿಂತ ಬಡವರಲ್ಲಿಯೇ ಹೆಚ್ಚು ಎಂಬುದು ಅದರಲ್ಲಿ ಕಂಡುಬಂತು. ಅದೇ ಸಮೀಕ್ಷೆಯ 2023ರ ವರದಿಯಂತೆ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನಕ್ಕೆ ಈ ರೋಗವಿದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿದ್ದಾರೆ. ಇಷ್ಟು ಕೋಟಿ ಸಾಹುಕಾರರು ಈ ದೇಶದಲ್ಲಿ ಎಲ್ಲಿದ್ದಾರೆ, ನೀವೇ ಹೇಳಿ.

ಆದದ್ದು ಇಷ್ಟು. ಹಣವಂತರು ಡಾಕ್ಟರರ ಮಾತು ಕೇಳಿ ಬೆಳಿಗ್ಗೆ ಎದ್ದು ನಡೆಯಲು ಕಲಿತರು, ಸಿಹಿ ಬಿಟ್ಟರು, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಂಡರು. ಅಗ್ಗದ ಪಾಲಿಶ್ ಅಕ್ಕಿ, ಅಗ್ಗದ ಎಣ್ಣೆ, ಅಗ್ಗದ ಸಕ್ಕರೆ, ನಿದ್ದೆಯಿಲ್ಲದ ರಾತ್ರಿಪಾಳಿ, ಇವು ನಮ್ಮ ಪಾಲಿಗೆ ಬಂದವು. ಸಾಹುಕಾರರು ತಮ್ಮ ಮನೆಯಿಂದ ಹೊರಗೆ ಹಾಕುತ್ತಿರುವ ರೋಗವನ್ನು ನಾವು ಒಳಗೆ ಕರೆದುಕೊಳ್ಳುತ್ತಿದ್ದೇವೆ.

ಈ ರೋಗ ಏನೆಂಬುದನ್ನು ಗಿರಣಿಯ ಲೆಕ್ಕದಲ್ಲಿಯೇ ನೋಡೋಣ. ಗಿರಣಿಯ ಅಂಗಳಕ್ಕೆ ಗಾಡಿಗಟ್ಟಲೆ ಹತ್ತಿ ಬಂದು ಬೀಳುತ್ತದೆ. ಆದರೆ ಗೇಟಿನಲ್ಲಿ ಚೀಟಿ ಕೊಡುವ ಗುಮಾಸ್ತ ಇಲ್ಲ. ಅಥವಾ ಆತ ಇದ್ದರೂ ಒಳಗಿನ ಖಾತೆಯವರು ಅವನ ಚೀಟಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅಂಗಳದಲ್ಲಿ ಹತ್ತಿ ರಾಶಿ, ಒಳಗೆ ಯಂತ್ರ ಖಾಲಿ. ನಾವು ಉಂಡ ಅನ್ನ, ರೊಟ್ಟಿ, ಮುದ್ದೆ ಎಲ್ಲವೂ ಹೊಟ್ಟೆಯಲ್ಲಿ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ. ಅದು ಮೈಯ ಮಾಂಸಖಂಡಗಳ ಒಳಗೆ ಹೋಗಲು ಇನ್ಸುಲಿನ್ ಎಂಬ ರಸದ ಚೀಟಿ ಬೇಕು. ಹೊಟ್ಟೆಯ ಹಿಂಬದಿಯಲ್ಲಿರುವ ಮೇದೋಜ್ಜೀರಕ ಗ್ರಂಥಿ ಅದನ್ನು ತಯಾರಿಸುತ್ತದೆ. ಕೆಲವರಲ್ಲಿ, ಹೆಚ್ಚಾಗಿ ಮಕ್ಕಳಲ್ಲಿ ಮತ್ತು ಎಳೆಯರಲ್ಲಿ, ಈ ರಸ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಅದು ಒಂದನೆಯ ಬಗೆ. ಅಂಥವರಿಗೆ ಇನ್ಸುಲಿನ್ ಸೂಜಿಯೇ ಜೀವ. ಯಾರದೋ ಮಾತು ಕೇಳಿ ಅದನ್ನು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುತ್ತದೆ. ನಮ್ಮಲ್ಲಿ ಬಹು ಮಂದಿಗಿರುವುದು ಎರಡನೆಯ ಬಗೆ. ರಸ ಇದೆ, ಆದರೆ ಮೈ ಅದರ ಮಾತು ಕೇಳುವುದಿಲ್ಲ. ಕಾಲ ಕಳೆದಂತೆ ರಸವೂ ಕಡಿಮೆಯಾಗುತ್ತ ಹೋಗುತ್ತದೆ.

ರಕ್ತದಲ್ಲಿ ಸಕ್ಕರೆ ಬಹಳ ಏರಿದಾಗ ಅದು ಮೂತ್ರದಲ್ಲಿ ಹರಿದು ಹೋಗುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ರಾತ್ರಿ ನಾಲ್ಕು ಸಾರಿ ಏಳುವುದು, ತೀರದ ಬಾಯಾರಿಕೆ, ಉಂಡರೂ ಸೊರಗುವುದು, ಇವು ಎಲ್ಲರಿಗೂ ಗೊತ್ತಿರುವ ಗುರುತುಗಳು. ಇವು ಕಂಡಾಗ ನೋಡೋಣ ಎಂದು ಕೂಡುವುದು ಮಾತ್ರ ಸರಿಯಲ್ಲ. ಎಷ್ಟೋ ಜನಕ್ಕೆ ವರ್ಷಗಟ್ಟಲೆ ಯಾವ ಗುರುತೂ ಕಾಣುವುದಿಲ್ಲ. ಕಣ್ಣು, ಮೂತ್ರಪಿಂಡ, ಕಾಲಿನ ನರ ಒಳಗೊಳಗೇ ಸವೆಯುತ್ತಿರುತ್ತವೆ. ಆಸಾಮಿ ಮಾತ್ರ "ನನಗೇನಾಗಿದೆ, ಕಲ್ಲಿನ ಹಾಗಿದ್ದೇನೆ" ಎನ್ನುತ್ತಿರುತ್ತಾನೆ. ದಪ್ಪಗಿರುವವರಿಗೆ ಮಾತ್ರ ಬರುತ್ತದೆಂಬುದೂ ತಪ್ಪು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಬಹಳ. ಅಂಥವರಿಗೆ ಅಪಾಯ ಹೆಚ್ಚು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ ಎಚ್ಚರವಿರಲಿ. ತಂದೆತಾಯಿಗೆ ಇದ್ದವರು, ಬಸುರಿನಲ್ಲಿ ಸಕ್ಕರೆ ಏರಿದ್ದ ಹೆಂಗಸರು, ರಾತ್ರಿಪಾಳಿ ಬಹು ವರ್ಷ ಮಾಡಿದವರು, ಇವರು ಇನ್ನೂ ಮುಂಚೆಯೇ ಪರೀಕ್ಷೆ ಮಾಡಿಸಬೇಕು.

ಲೆಕ್ಕ ಹೀಗಿದೆ. ರಾತ್ರಿ ಉಂಡ ಮೇಲೆ ಬರಿಹೊಟ್ಟೆಯಲ್ಲಿ ಬೆಳಿಗ್ಗೆ ತೆಗೆದ ರಕ್ತದಲ್ಲಿ ಡೆಸಿಲೀಟರಿಗೆ 100 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 100ರಿಂದ 125 ಹೊಸ್ತಿಲು. 126 ಅಥವಾ ಹೆಚ್ಚು ಬಂದು, ಇನ್ನೊಂದು ದಿನ ನೋಡಿದಾಗಲೂ ಹಾಗೇ ಬಂದರೆ ರೋಗವಿದೆಯೆಂದು ಅರ್ಥ. ಎಚ್‌ಬಿಎ1ಸಿ ಎಂಬ ಇನ್ನೊಂದು ಪರೀಕ್ಷೆಯಿದೆ. ಅಂಗಡಿಕಾರ ಮಿತ್ರರಿಗೆ ಇದು ಬೇಗ ತಿಳಿಯುತ್ತದೆ. ಬೆಳಗಿನ ರಕ್ತ ಪರೀಕ್ಷೆಯೆಂದರೆ ಇವತ್ತಿನ ಗಲ್ಲಾ. ಎಚ್‌ಬಿಎ1ಸಿ ಎಂದರೆ ಎರಡು ಮೂರು ತಿಂಗಳ ಖಾತೆ. ಪರೀಕ್ಷೆಯ ಹಿಂದಿನ ಎರಡು ದಿನ ಮಾತ್ರ ಪಥ್ಯ ಮಾಡಿ ಡಾಕ್ಟರರ ಕಣ್ಣಿಗೆ ಮಣ್ಣೆರಚುವವರು ಇದ್ದಾರಲ್ಲ, ಅವರ ಆಟ ಖಾತೆಯ ಮುಂದೆ ನಡೆಯುವುದಿಲ್ಲ. ಅದು 6.5 ಅಥವಾ ಹೆಚ್ಚಿದ್ದರೆ ರೋಗ.

ಹೊಸ್ತಿಲಲ್ಲಿರುವವರನ್ನು ಹಿಂದಕ್ಕೆ ಕರೆತರಬಹುದೆ? ಕರೆತರಬಹುದು ಎಂಬುದಕ್ಕೆ ಮೊದಲ ದೊಡ್ಡ ಸಾಕ್ಷಿಗಳಲ್ಲೊಂದು ಕಾರ್ಮಿಕರ ಊರಿನಿಂದಲೇ ಬಂತು. ಚೀನದ ಈಶಾನ್ಯದಲ್ಲಿ ದಾಚಿಂಗ್ ಎಂಬ ತೈಲನಗರವಿದೆ. 1959ರಲ್ಲಿ ಅಲ್ಲಿ ನೆಲದಡಿ ಎಣ್ಣೆ ಸಿಕ್ಕಿತು, ಕಾರ್ಮಿಕರು ಬಂದು ಊರು ಕಟ್ಟಿದರು. ಉದ್ದಿಮೆ ನಡೆಸುವುದನ್ನು ದಾಚಿಂಗಿನಿಂದ ಕಲಿಯಬೇಕೆಂದು 1964ರಲ್ಲಿ ಮಾವೋ ಕರೆಕೊಟ್ಟರು. ಆ ಕರೆಯ ವಿಷಯದಲ್ಲಿ ನಮ್ಮ ತಕರಾರುಗಳಿವೆ, ಅವು ಇಂದು ಬೇಡ. ಕಲಿಯಬೇಕಾದ ಬೇರೊಂದು ಸಂಗತಿ ಅಲ್ಲಿ 1986ರಲ್ಲಿ ಶುರುವಾಯಿತು. 33 ಚಿಕಿತ್ಸಾಲಯಗಳಲ್ಲಿ 1,10,660 ಜನರನ್ನು ಪರೀಕ್ಷಿಸಿ, ಹೊಸ್ತಿಲಲ್ಲಿದ್ದ 577 ಮಂದಿಯನ್ನು ಆರಿಸಿದರು. ಕೆಲವು ಚಿಕಿತ್ಸಾಲಯಗಳಲ್ಲಿ ಊಟದ ಕ್ರಮ ಹೇಳಿಕೊಟ್ಟರು, ಕೆಲವದರಲ್ಲಿ ವ್ಯಾಯಾಮ, ಕೆಲವದರಲ್ಲಿ ಎರಡೂ, ಉಳಿದವುಗಳಲ್ಲಿ ಎಂದಿನ ಸಾಮಾನ್ಯ ಸಲಹೆ ಮಾತ್ರ. ಆರು ವರ್ಷ ಕಳೆದ ಮೇಲೆ, ಸಾಮಾನ್ಯ ಸಲಹೆ ಪಡೆದವರಲ್ಲಿ ನೂರಕ್ಕೆ 68 ಮಂದಿಗೆ ರೋಗ ಬಂದಿತ್ತು. ಉಳಿದ ಮೂರು ಗುಂಪುಗಳಲ್ಲಿ ನೂರಕ್ಕೆ 41ರಿಂದ 46.

ಅವರಿಗೆ ಹೇಳಿದ ವ್ಯಾಯಾಮವಾದರೂ ಎಷ್ಟು? ನಿಧಾನವಾಗಿ ಅರ್ಧ ತಾಸು ನಡಿಗೆ, ಇಲ್ಲವೆ ಬಿರುಸಾಗಿ 20 ನಿಮಿಷ, ಇಲ್ಲವೆ ಹಗ್ಗದಾಟದಂಥ ಕಠಿಣ ವ್ಯಾಯಾಮ 5 ನಿಮಿಷ. ಇದನ್ನು ಒಂದು ಪಾಲೆಂದು ಎಣಿಸಿ, ದಿನದ ರೂಢಿಗಿಂತ ಒಂದು ಪಾಲು ಹೆಚ್ಚಿಸಿ ಎಂದರು; ಕೈಲಾದ ಎಳೆಯರಿಗೆ ಎರಡು ಪಾಲು. ಜಿಮ್ಮಿನ ಫೀಸಿಲ್ಲ, ಬೂಟಿನ ಖರ್ಚಿಲ್ಲ. ಮೂವತ್ತು ವರ್ಷ ಅವರ ಬೆನ್ನು ಹಿಡಿದು ಲೆಕ್ಕ ಬರೆದಿಟ್ಟು 2019ರಲ್ಲಿ ಪ್ರಕಟಿಸಿದರು. ಆ ಆರು ವರ್ಷದ ಕ್ರಮದಿಂದ ರೋಗ ಸುಮಾರು ನಾಲ್ಕು ವರ್ಷ ಮುಂದೆ ಹೋಗಿತ್ತು. ಹೃದಯದ ಬೇನೆಯಿಂದ ಸಾಯುವವರೂ ಕಡಿಮೆಯಾಗಿದ್ದರು. ನಮ್ಮ ಪಕ್ಕದ ಚೆನ್ನೈಯಲ್ಲೂ ನೌಕರವರ್ಗದ 531 ಮಂದಿಯನ್ನಿಟ್ಟುಕೊಂಡು ಹೀಗೆಯೇ ನೋಡಿ 2006ರಲ್ಲಿ ಪ್ರಕಟಿಸಿದರು. ಮೂರು ವರ್ಷದಲ್ಲಿ ಏನೂ ಮಾಡದವರಲ್ಲಿ ನೂರಕ್ಕೆ 55 ಮಂದಿಗೆ, ಊಟ ನಡಿಗೆ ತಿದ್ದಿಕೊಂಡವರಲ್ಲಿ ನೂರಕ್ಕೆ 39 ಮಂದಿಗೆ ರೋಗ ಬಂತು.

ಇಲ್ಲಿ ನಮ್ಮವರು ಒಂದು ಮಾತು ಎತ್ತುತ್ತಾರೆ. "ಎಂಟು ತಾಸು ಮಗ್ಗದ ಮುಂದೆ ನಿಲ್ಲುತ್ತೇವೆ, ನಮಗೆ ಮತ್ತೆ ನಡಿಗೆಯೆ?" ಕಾಲು ನೋವು ಬರುವುದೇ ಬೇರೆ, ಮಾಂಸಖಂಡ ಸಕ್ಕರೆಯನ್ನು ಸುಡುವುದೇ ಬೇರೆ. ಮೂಟೆ ಹೊರುವ ಹಮಾಲರ ಮಾತು ಬಿಡಿ, ಅವರಿಗೆ ನಡಿಗೆ ಹೇಳಲು ನಮಗೆ ನಾಚಿಕೆಯಾಗಬೇಕು. ಆದರೆ ನಿಂತಲ್ಲೇ ನಿಂತು ನೂಲು ಜೋಡಿಸುವವರು, ಬೆಳಿಗ್ಗೆ ಎಂಟಕ್ಕೆ ಗಲ್ಲಾದ ಮೇಲೆ ಕೂತು ರಾತ್ರಿ ಒಂಬತ್ತಕ್ಕೆ ಏಳುವ ಅಂಗಡಿಕಾರರು, ಇವರು ದಣಿಯುತ್ತಾರೆಯೇ ಹೊರತು ಮೈ ಆಡಿಸುವುದಿಲ್ಲ. ಅಂಗಡಿಕಾರರಂತೂ ಎದುರಿನ ಅಂಗಡಿಗೆ ಚಿಲ್ಲರೆ ತರಲೂ ಹುಡುಗನನ್ನು ಕಳಿಸುತ್ತಾರೆ.

ಇನ್ನು ಊಟ. ಚಹದಿಂದಲೇ ಶುರು ಮಾಡೋಣ. ಪಾಳಿಗೆ ಹೋಗುವಾಗ ಒಂದು, ನಡುವೆ ಎರಡು, ಬಿಟ್ಟ ಮೇಲೆ ಒಂದು, ಗಿರಾಕಿ ಬಂದಾಗ ಅವರ ಜೊತೆ ಇನ್ನೆರಡು. ಕಪ್ಪಿಗೆ ಎರಡು ಚಮಚದಂತೆ ಆರು ಕಪ್ಪಿಗೆ 12 ಚಮಚ, ಅಂದರೆ 50 ಗ್ರಾಮಿನ ಆಸುಪಾಸು. ದಿನಕ್ಕೆ ಎಲ್ಲ ಸೇರಿ ಸುಮಾರು 50 ಗ್ರಾಂ ದಾಟಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಮಿಠಾಯಿ ಅಂಗಡಿಯ ಮೆಟ್ಟಿಲು ಹತ್ತದವನೂ ಚಹದಲ್ಲಿಯೇ ಅಷ್ಟನ್ನೂ ಮುಗಿಸಿರುತ್ತಾನೆ. ಸಿಹಿ ಚಹ ಒಮ್ಮೆಗೇ ಬಿಡಲಾಗದವರು ಅರ್ಧ ಕಪ್ಪಿಗೆ, ಅರ್ಧ ಚಮಚಕ್ಕೆ ಇಳಿಸಿ. ಬೆಲ್ಲ ಹಾಕಿದರೆ ಬಾಧೆಯಿಲ್ಲ ಎನ್ನುವವರ ಮಾತು ನಂಬಬೇಡಿ; ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ.

ಅಕ್ಕಿ ಗಿರಣಿಯಲ್ಲಿ ದುಡಿಯುವವರು ಇಲ್ಲಿದ್ದೀರಿ. ಅಕ್ಕಿಯನ್ನು ಹಲ್ಲಿನಂತೆ ಬೆಳ್ಳಗೆ ಮಾಡಲು ತೌಡನ್ನು ತೆಗೆದು ದನಕ್ಕೆ, ಎಣ್ಣೆ ಗಿರಣಿಗೆ ಕಳಿಸುವವರು ನೀವೇ. ನಾರು ಹೋದ ಆ ಬಿಳಿ ಅಕ್ಕಿಯ ಅನ್ನ ಬೇಗ ಕರಗಿ ಸಕ್ಕರೆಯನ್ನು ಒಮ್ಮೆಲೇ ಏರಿಸುತ್ತದೆ. ಹಾಗೆಂದು ರಾಗಿ ಜೋಳವೇ ಔಷಧವೆಂದು ಸಾರುವವರನ್ನೂ ನಾವು ಒಪ್ಪುವುದಿಲ್ಲ. ಮಕ್ಕಳ ತಲೆಯಷ್ಟು ಮುದ್ದೆ ನುಂಗಿದರೆ, ಐದಾರು ರೊಟ್ಟಿ ಮುರಿದರೆ, ಅದೂ ಏರಿಸುತ್ತದೆ. ನುಣ್ಣನೆ ಹಿಟ್ಟಿನ ಗಂಜಿಯಂತೂ ಬಲು ಬೇಗ. ತಟ್ಟೆಯ ಅರ್ಧಕ್ಕೆ ಸೊಪ್ಪು ತರಕಾರಿ, ಕಾಲು ಭಾಗಕ್ಕೆ ಬೇಳೆ, ಕಾಳು ಅಥವಾ ಮೊಟ್ಟೆ, ಮೀನು, ಉಳಿದ ಕಾಲಿಗೆ ರೊಟ್ಟಿಯೋ ಮುದ್ದೆಯೋ ಅನ್ನವೋ. ಲೆಕ್ಕ ಇಷ್ಟೇ. ಮೂರೂ ಒಟ್ಟಿಗೆ ಬೇಡ. ಮಡಕೆಯ ಕಾಳು, ಕಡಲೆ, ಹುರುಳಿ, ಪುಂಡಿಪಲ್ಲೆ, ಮೆಂತ್ಯ, ಇವು ಬಡವರ ಕೈಗೆ ಎಟುಕುವ ಪದಾರ್ಥಗಳೇ. ಸಂಜೆಯ ಮಂಡಕ್ಕಿ ಮಿರ್ಚಿಯ ವಿಷಯ ಎತ್ತಿದರೆ ನೀವು ಸಭೆಯಿಂದ ಎದ್ದು ಹೋದೀರಿ. ವಾರಕ್ಕೊಮ್ಮೆ ಇರಲಿ. ಮಂಡಕ್ಕಿಯೂ ಅಕ್ಕಿಯೇ ಎಂಬುದನ್ನು ಮರೆಯಬೇಡಿ.

ಪಡಿತರದಲ್ಲಿ ಅಕ್ಕಿಯನ್ನೇ ಕೊಟ್ಟು, ಆಸ್ಪತ್ರೆಯಲ್ಲಿ "ಅನ್ನ ಕಡಿಮೆ ಮಾಡು" ಎಂದು ಬುದ್ಧಿ ಹೇಳುವುದು ಯಾವ ನ್ಯಾಯ? ಬೆಳೆಗಾರರಿಂದ ಒಳ್ಳೆಯ ಬೆಲೆಗೆ ಜೋಳ, ರಾಗಿ, ತೊಗರಿ ಕೊಂಡು ಪಡಿತರದಲ್ಲಿ ಹೆಚ್ಚು ಹಂಚಬೇಕೆಂಬುದು ರೈತರ ಬೇಡಿಕೆ ಮಾತ್ರವಲ್ಲ, ರೋಗಿಗಳ ಬೇಡಿಕೆಯೂ ಹೌದು.

ಈಗ ನಮ್ಮ ಮನಸ್ಸಿನಲ್ಲಿ ಬಹಳ ದಿನದಿಂದಿರುವ ವಿಷಯಕ್ಕೆ ಬರುತ್ತೇವೆ. ನಮ್ಮ ಕಾಮಗಾರರು ಈ ರೋಗವನ್ನು ಮುಚ್ಚಿಡುತ್ತಾರೆ. ಜಾಬರನಿಗೆ, ಗುತ್ತಿಗೆದಾರನಿಗೆ ಗೊತ್ತಾದರೆ ಮರುದಿನ ಹಾಜರಿ ಪಟ್ಟಿಯಲ್ಲಿ ಹೆಸರಿರುವುದಿಲ್ಲ ಎಂಬ ಭಯ. ಆ ಭಯ ಸುಳ್ಳೆಂದು ನಾವು ಹೇಳಲಾರೆವು. ಆದ್ದರಿಂದ ಬೆಳಿಗ್ಗೆ ಗುಟ್ಟಾಗಿ ಮಾತ್ರೆ ನುಂಗಿ ಅಥವಾ ಸೂಜಿ ಚುಚ್ಚಿಕೊಂಡು ಬರುತ್ತಾರೆ. ಊಟದ ಹೊತ್ತಿಗೆ ಯಂತ್ರ ನಿಲ್ಲಿಸಲು ಬಿಡುವುದಿಲ್ಲ. ಔಷಧ ಹೊಟ್ಟೆಯಲ್ಲಿ, ಅನ್ನ ಡಬ್ಬಿಯಲ್ಲಿ. ಸಕ್ಕರೆ 70ಕ್ಕಿಂತ ಕೆಳಗೆ ಜಾರುತ್ತದೆ. ಬೆವರು, ನಡುಕ, ಎದೆ ಡವಡವ, ಕಣ್ಣು ಕತ್ತಲೆ, ಮಾತು ತೊದಲುವುದು, ಸಿಟ್ಟು, ತೂರಾಡುವುದು. ನೋಡಿದವರು ಏನೆನ್ನುತ್ತಾರೆ? "ಕುಡಿದು ಬಂದಿದ್ದಾನೆ" ಎನ್ನುತ್ತಾರೆ! ಮೇಸ್ತ್ರಿ ಗೇಟಿನ ಹೊರಗೆ ನೂಕುತ್ತಾನೆ. ಓಡುತ್ತಿರುವ ಪಟ್ಟಾದ ಪಕ್ಕದಲ್ಲಿ ತೂರಾಡಿದವನ ಕೈ ಏನಾದೀತು, ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಮದ್ದು ಕಾಲಾಣೆಯದು. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಕಾಯಿರಿ. ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಿ. ಸರಿಹೋದ ಮೇಲೆ ಊಟ ಮಾಡಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಮಗ್ಗುಲಾಗಿ ಮಲಗಿಸಿ ಆಸ್ಪತ್ರೆಗೆ ಒಯ್ಯಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಗ್ಲಿಮೆಪಿರೈಡಿನಂಥ ಮಾತ್ರೆ ನುಂಗುವವರಿಗೆ ಹೀಗಾಗುವುದು ಹೆಚ್ಚು. ಮೆಟ್‌ಫಾರ್ಮಿನ್ ಒಂದೇ ನುಂಗುವವರಿಗೆ ಅಪರೂಪ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಪಕ್ಕದ ಯಂತ್ರದ ಒಬ್ಬನಿಗಾದರೂ ವಿಷಯ ಗೊತ್ತಿರಲಿ. ಉಪವಾಸ, ರೋಜಾ ಹಿಡಿಯುವವರು ಮುಂಚಿತವಾಗಿ ಡಾಕ್ಟರರನ್ನು ಕಂಡು ಔಷಧದ ಪ್ರಮಾಣ, ವೇಳೆ ಬದಲಿಸಿಕೊಳ್ಳಬೇಕು.

ಊಟದ ವೇಳೆ ರೋಗಿಗೆ ಔಷಧದಷ್ಟೇ ಮುಖ್ಯ. 1948ರ ಕಾರ್ಖಾನೆ ಕಾಯಿದೆ ಐದು ತಾಸಿನ ದುಡಿತಕ್ಕೆ ಅರ್ಧ ತಾಸು ವಿರಾಮವೆಂದು ಬರೆದಿತ್ತು. 2023ರಲ್ಲಿ ನಮ್ಮ ರಾಜ್ಯದ ಶಾಸನಸಭೆ ತಿದ್ದುಪಡಿ ಮಾಡಿ, ದಿನಕ್ಕೆ 12 ತಾಸಿನವರೆಗೂ ದುಡಿಸಲು ದಾರಿ ತೆರೆಯಿತು. ವಾರದ ಲೆಕ್ಕ 48 ತಾಸೇ ಅಲ್ಲವೆ ಎಂದು ಮಾಲೀಕರು ಸಮಾಧಾನ ಹೇಳಿದರು. ಮೈಗೆ ವಾರದ ಲೆಕ್ಕ ತಿಳಿಯುವುದಿಲ್ಲ, ಅದು ತಾಸಿನ ಲೆಕ್ಕದಲ್ಲಿ ನಡೆಯುತ್ತದೆ. ವೇಳೆಗೆ ಊಟ, ಊಟಕ್ಕೆ ಪೂರ್ತಿ ಅರ್ಧ ತಾಸು, ರೋಗವಿದೆಯೆಂದು ಹೇಳಿಕೊಂಡವನನ್ನು ಕೆಲಸದಿಂದ ತೆಗೆಯಬಾರದೆಂಬ ಬರಹದ ಕರಾರು, ವಾರಕ್ಕೊಮ್ಮೆ ಪಾಳಿ ತಿರುಗಿಸುವ ಪದ್ಧತಿಯಿಂದ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವಿನಾಯಿತಿ, ಕ್ಯಾಂಟೀನಿನಲ್ಲಿ ಸಕ್ಕರೆಯಿಲ್ಲದ ಚಹ, ಇವನ್ನು ಮುಂದಿನ ಬೇಡಿಕೆ ಪಟ್ಟಿಯಲ್ಲಿ ಕೂಲಿಯ ಪಕ್ಕದಲ್ಲೇ ಬರೆಯಬೇಕೆಂದು ನಾವು ಸೂಚಿಸುತ್ತೇವೆ. ಅಂಗಡಿಯ ಹುಡುಗರಿಗೂ ಮಧ್ಯಾಹ್ನ ಒಂದಕ್ಕೆ ಊಟಕ್ಕೆ ಬಿಡುವು ಸಿಗಬೇಕು. ಈ ಮಾತು ಇಲ್ಲಿ ಕೂತಿರುವ ಅಂಗಡಿಕಾರ ಮಿತ್ರರಿಗೇ ಹೇಳುತ್ತಿದ್ದೇವೆ.

ಕಾಲಿನ ವಿಷಯ ಬೇರೆಯಾಗಿಯೇ ಹೇಳಬೇಕು. ಸಕ್ಕರೆ ನರಗಳನ್ನು ಕೊಲ್ಲುತ್ತ ಬಂದಾಗ ಅಂಗಾಲಿಗೆ ಸ್ಪರ್ಶ ತಿಳಿಯುವುದಿಲ್ಲ. ಕುಸುಬಲಕ್ಕಿ ಒಣಹಾಕುವ ಕಾದ ಕಣದಲ್ಲಿ ಬರಿಗಾಲಲ್ಲಿ ನಡೆದರೂ ಬಿಸಿ ಗೊತ್ತಾಗುವುದಿಲ್ಲ. ಚಪ್ಪಲಿಯ ಮೊಳೆ ಎದ್ದು ಚುಚ್ಚುತ್ತಿದ್ದರೂ ಗೊತ್ತಾಗುವುದಿಲ್ಲ. ನೋವಿಲ್ಲದ ಹುಣ್ಣೆಂದು ಅಲಕ್ಷ್ಯ ಮಾಡುತ್ತಾರೆ, ಅದು ಕೊಳೆತು ಬೆರಳಿಗೆ, ಮೊಣಕಾಲಿಗೆ ಬರುತ್ತದೆ. ಬೀಡಿ ಸೇದುವವರಲ್ಲಿ ಕಾಲಿನ ರಕ್ತನಾಳ ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಈ ರೋಗವೂ ಬೀಡಿಯೂ ಒಂದೇ ಮೈಯಲ್ಲಿ ಬಾಳುವುದು ಸಾಧ್ಯವಿಲ್ಲ, ಒಂದನ್ನು ಬಿಡಲೇಬೇಕು, ಬಿಡಲು ಬರುವುದು ಬೀಡಿ ಒಂದೇ. ದಿನವೂ ರಾತ್ರಿ ಕಾಲು ತೊಳೆದು, ಬೆರಳ ಸಂದು ಒರೆಸಿ, ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಇಲ್ಲವೆ ಮನೆಯವರಿಂದ ನೋಡಿಸಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ಮೆತ್ತನೆಯ ಎಂ.ಸಿ.ಆರ್. ಚಪ್ಪಲಿ ಮೆಟ್ಟಿ. ವರ್ಷಕ್ಕೊಮ್ಮೆ ಕಣ್ಣಿಗೆ ಔಷಧಿ ಹಾಕಿಸಿ ಒಳಪೊರೆ ನೋಡಿಸುವುದು, ಮೂತ್ರಪಿಂಡದ ಪರೀಕ್ಷೆ, ಹೋದಾಗಲೆಲ್ಲ ರಕ್ತದೊತ್ತಡ ನೋಡಿಸುವುದು, ಇವೂ ತಪ್ಪಬಾರದು.

ಔಷಧದ ಬಗ್ಗೆ ಎರಡು ಮಾತು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಫ್ರಾನ್ಸಿನ ಡಾಕ್ಟರ್ ಜೀನ್ ಸ್ಟರ್ನ್ ಈ ರೋಗಕ್ಕೆ ಬಳಸಿ 1957ರಲ್ಲಿ ವರದಿ ಮಾಡಿದರು. ಇಂದಿಗೂ ಅದು ಹೆಚ್ಚಿನವರಿಗೆ ಮೊದಲು ಕೊಡುವ ಮಾತ್ರೆ, ಅಗ್ಗವೂ ಹೌದು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ; ಅಲ್ಲಿ ದಾಸ್ತಾನು ಮುಗಿದಿದೆ ಎಂದರೆ ಸುಮ್ಮನೆ ಹಿಂದಿರುಗದೆ ಬರೆದುಕೊಡಿ ಎಂದು ಕೇಳಿ. ಹೊರಗೆ ಕೊಳ್ಳುವವರು ಜನೌಷಧಿ ಅಂಗಡಿಯಲ್ಲಿ ಕೊಂಡರೆ ಹಣ ಉಳಿಯುತ್ತದೆ. ಸಕ್ಕರೆ ಇಳಿಯಿತೆಂದು ಮಾತ್ರೆ ನಿಲ್ಲಿಸುವವರು ಬಹಳ. ಮಾತ್ರೆ ನುಂಗಿದ್ದರಿಂದಲೇ ಅದು ಇಳಿದದ್ದು!

ಇನ್ಸುಲಿನ್ ಶುರು ಮಾಡಿದರೆ ಕೊನೆಗಾಲ ಬಂತೆಂಬ ಹೆದರಿಕೆಯೂ ಇದೆ. 1922ರ ಜನವರಿಯಲ್ಲಿ ಕೆನಡದ ಟೊರಾಂಟೋದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗ, ಎಲುಬಿನ ಹಂದರವಾಗಿ ಸಾವಿನ ಬಾಗಿಲಲ್ಲಿದ್ದಾಗ, ಈ ಸೂಜಿಯಿಂದ ಎದ್ದು ಕೂತ. ಕಂಡುಹಿಡಿದ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮರುವರ್ಷ ಅದರ ಪೇಟೆಂಟನ್ನು ತಲೆಗೆ ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಆಮೇಲೆ ಕಂಪನಿಗಳು ಬಂದವು. ಅಮೆರಿಕದಲ್ಲಿ 1996ರಲ್ಲಿ 21 ಡಾಲರಿಗೆ ಬಂದ ಒಂದು ಬಗೆಯ ಇನ್ಸುಲಿನ್ ಸೀಸೆಯ ಬೆಲೆ 2017ರ ಹೊತ್ತಿಗೆ ಸುಮಾರು 275 ಡಾಲರಿಗೆ ಏರಿತ್ತು. ಜನರ ಕೂಗು ಜೋರಾದ ಮೇಲೆ 2023ರಲ್ಲಿ ಕಂಪನಿಯೇ ಬೆಲೆ ಇಳಿಸಿತು. ಕೂಗಿದರೆ ಇಳಿಯುತ್ತದೆ ಎಂಬುದು ಇದರಿಂದ ತಿಳಿಯಿತಷ್ಟೆ. ಫ್ರಿಜ್ಜಿಲ್ಲದ ಮನೆಯಲ್ಲಿ ಬಳಸುತ್ತಿರುವ ಸೀಸೆಯನ್ನು ಒದ್ದೆ ಮರಳಿನಲ್ಲಿಟ್ಟ ಮಣ್ಣಿನ ಕುಡಿಕೆಯೊಳಗೆ ತಂಪಾಗಿಡಬಹುದು. ಗಿರಣಿಗೆ ಒಯ್ದರೆ ಬಾಯ್ಲರಿನ ಬದಿಯ ಗೂಟಕ್ಕೆ ಚೀಲ ತೂಗುಹಾಕಬೇಡಿ.

ರೋಗವನ್ನು ಬೇರುಸಹಿತ ಕೀಳುತ್ತೇವೆಂದು ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ, ಫೋನಿನ ಪರದೆಯಲ್ಲಿ ಜಾಹೀರಾತು ಕೊಡುವವರಿದ್ದಾರೆ. 1954ರಲ್ಲಿಯೇ ಇಂಥ ಜಾಹೀರಾತುಗಳನ್ನು ನಿಷೇಧಿಸುವ ಕೇಂದ್ರ ಕಾಯಿದೆ ಬಂದಿದೆ, ಅದರ ರೋಗಗಳ ಪಟ್ಟಿಯಲ್ಲಿ ಸಿಹಿಮೂತ್ರವೂ ಇದೆ. ರೋಗ ಬಂದ ಮೊದಲ ಕೆಲವು ವರ್ಷಗಳಲ್ಲಿ ದಪ್ಪಗಿದ್ದವರು ಡಾಕ್ಟರರ ನಿಗಾದಲ್ಲಿ ಬಹಳ ತೂಕ ಇಳಿಸಿದರೆ ಮಾತ್ರೆಯಿಲ್ಲದೆಯೂ ಸಕ್ಕರೆ ಹತೋಟಿಗೆ ಬರಬಹುದೆಂದು ಬ್ರಿಟನ್ನಿನಲ್ಲಿ ನಡೆದ ಪ್ರಯೋಗ 2018ರ ಸುಮಾರಿಗೆ ತೋರಿಸಿತು. ಅದು ಊಟ ಇಳಿಸಿದ್ದರಿಂದ ಆದದ್ದು, ಕಷಾಯದಿಂದಲ್ಲ. ಹಾಗಲಕಾಯಿ ತಿನ್ನಿ, ಒಳ್ಳೆಯ ಪಲ್ಯ. ಮಾತ್ರೆಯ ಬದಲಿಗೆ ತಿನ್ನಬೇಡಿ.

30 ವರ್ಷ ದಾಟಿದವರೆಲ್ಲ, ಹೆಂಗಸರೂ ಗಂಡಸರೂ, ಈ ತಿಂಗಳೊಳಗೆ ಒಮ್ಮೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾಗಲಿ, ಜಿಲ್ಲಾ ಆಸ್ಪತ್ರೆಗಾಗಲಿ, ಇ.ಎಸ್.ಐ. ಕಾರ್ಡಿದ್ದವರು ಅದರ ಔಷಧಾಲಯಕ್ಕಾಗಲಿ ಹೋಗಿ ಬನ್ನಿ. ಒಂದೇ ಒಲೆಯ ಅಡಿಗೆ ಉಣ್ಣುವವರು ಗಂಡ ಹೆಂಡತಿ ಜೊತೆಯಾಗಿ ಹೋಗುವುದು ಲೇಸು. ಹೋಗುವ ಮುಂಚೆ ಎಂಟು ತಾಸು ನೀರಿನ ಹೊರತು ಏನೂ ಮುಟ್ಟಬಾರದು, ಚಹವನ್ನೂ ಕೂಡ. ರಾತ್ರಿಪಾಳಿಯಲ್ಲಿ ನಡುರಾತ್ರಿ ಉಣ್ಣುವವರು ಬೆಳಿಗ್ಗೆ ನೇರವಾಗಿ ಹೋಗಿ ಬರಿಹೊಟ್ಟೆ ಎಂದು ಹೇಳಬೇಡಿ; ಉಂಡ ವೇಳೆ ಹೇಳಿ, ಇಲ್ಲವೆ ಎಚ್‌ಬಿಎ1ಸಿ ಮಾಡಿ ಎಂದು ಕೇಳಿ, ಅದಕ್ಕೆ ಉಪವಾಸ ಬೇಡ. ರಕ್ತಹೀನತೆ ಇದ್ದ ಹೆಂಗಸರು ಆ ಸಂಗತಿಯನ್ನೂ ತಿಳಿಸಬೇಕು, ಅವರಲ್ಲಿ ಆ ಖಾತೆಯ ಲೆಕ್ಕ ತಪ್ಪಿ ಬರುವುದುಂಟು. ಕೊಟ್ಟ ಚೀಟಿಯನ್ನು ಹರಿಯದೆ ಇಟ್ಟುಕೊಳ್ಳಿ. ಮುಂದಿನ ಸಾರಿ ಡಾಕ್ಟರು ಮೊದಲು ಕೇಳುವುದು ಅದನ್ನೇ.